ನೀರಿಗೆ ಕಾಲಿಡಬ್ಯಾಡ್ರಿ

“ಬಂತು! ತಲಿ ಹಾಕಿತು ನೋಡ್ರಿ ಮಾಸ್ತರ! ಅಲ್ಲಾಡಬ್ಯಾಡ್ರಿ, ನಿಮಗ ಕೈ ಮುಗೀತೀನಿ, ಒಂದೀಟು ಅಲ್ಲಾಡಬ್ಯಾಡ್ರಿ!”

ನನ್ನ ಬಲಗಾಲಿನ ಹಿಮ್ಮಡಿಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಕುಸ್ತಿ ಕಣದ ಅಂಚಿನಲ್ಲಿ ನಿಂತವರಂತೆ ಹೀಗೆ ಕೂಗುತ್ತಿದ್ದ ಮನುಷ್ಯನನ್ನು ನಾನು ಕಂಡು ಅರ್ಧ ತಾಸೂ ಆಗಿರಲಿಲ್ಲ. ನೋವಿನಲ್ಲಿ ನನಗೆ ಕಣ್ಣು ಕತ್ತಲೆ ಬರುತ್ತಿತ್ತು. ಅವರಿಗೆ ಮಾತ್ರ ಹಬ್ಬ. ಹಿಮ್ಮಡಿಯ ಬೊಕ್ಕೆ ಒಡೆದು, ಅದರೊಳಗಿಂದ ಬಿಳಿ ದಾರದ ಎಳೆಯಂಥ ಹುಳದ ತುದಿ ಇಣುಕಿದ್ದನ್ನು ಕಂಡು ಅವರು ಚಪ್ಪಾಳೆ ತಟ್ಟಿದರು. ಆಮೇಲೆ ತುದಿಯನ್ನು ಒಂದು ಸಣ್ಣ ಕಡ್ಡಿಗೆ ಸಿಕ್ಕಿಸಿ, ಎರಡೇ ಸುತ್ತು ಸುತ್ತಿ, ಮೇಲೆ ಬಟ್ಟೆ ಕಟ್ಟಿದರು. “ಇವತ್ತಿಗೆ ಇಷ್ಟ. ನಾಳೆ ಮತ್ತೆರಡು ಸುತ್ತು” ಎಂದರು.

ನಿಜಾಮರ ಆಳ್ವಿಕೆ ಮುಗಿದ ಮರುವರ್ಷ, ಉರ್ದು ಶಾಲೆಗಳು ಕನ್ನಡ ಶಾಲೆಗಳಾಗುತ್ತಿದ್ದ ಕಾಲದಲ್ಲಿ, ನಾನು ಲಿಂಗಸುಗೂರು ಕಡೆಯ ಒಂದು ಹಳ್ಳಿಗೆ ಮಾಸ್ತರನಾಗಿ ಹೋಗಿದ್ದೆ. ಮಸ್ಕಿಯಿಂದ ಎಂಟು ಮೈಲಿ ನಡಿಗೆ. ಬೆನ್ನಿಗೆ ಬಂಡೆಗಲ್ಲಿನ ಗುಡ್ಡ, ಮುಂದೆ ಎರೆಹೊಲ, ನಡುವೆ ಊರು. ಊರಿಗೆಲ್ಲ ಒಂದೇ ಬಾವಿ. ಅದು ಮೆಟ್ಟಿಲ ಬಾವಿ. ಹೆಂಗಸರು ಮೆಟ್ಟಿಲಿಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು ಕೊಡ ತುಂಬುತ್ತಿದ್ದರು. ಆ ನೀರು ಕುಡಿದವರಲ್ಲಿ ಬಹಳ ಮಂದಿಗೆ ಬೇಸಿಗೆ ಬಂದರೆ ನಾರುಹುಣ್ಣು. ಕಾಲಿನಲ್ಲಿ ಬೊಕ್ಕೆ ಎದ್ದು, ಒಡೆದು, ಮೊಳದುದ್ದ, ಎರಡು ಮೊಳದುದ್ದದ ಹುಳ ದಿನಕ್ಕೆ ಒಂದಿಷ್ಟೇ ಹೊರಬರುತ್ತಿತ್ತು. ಎಳೆದರೆ ಹರಿಯುತ್ತದೆ. ಹರಿದರೆ ಕಾಲು ಬಾತು ಕೊಳೆಯುತ್ತದೆ. ಬಿತ್ತುವ ಹೊತ್ತಿಗೆ ಅರ್ಧ ಊರು ಕಾಲು ಚಾಚಿ ಮಲಗಿರುತ್ತಿತ್ತು. ಮಾಡಿದ ಕರ್ಮವೆಂದು ಎಲ್ಲರೂ ಸುಮ್ಮನಾಗಿದ್ದರು. ಬಂದು ವರ್ಷ ತುಂಬುತ್ತಲೇ ನಾನೂ ಅವರಲ್ಲೊಬ್ಬನಾದೆ.

ಅವರು ಬಂದದ್ದು ಅದೇ ಬೇಸಿಗೆಯಲ್ಲಿ. ಕುಳ್ಳಗಿನ, ಗಟ್ಟಿ ಮೈಯ, ಗುಂಗುರು ಕೂದಲಿನ ಆಸಾಮಿ. ವಯಸ್ಸು ಮೂವತ್ತೈದರ ಆಸುಪಾಸು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಮಿಶನ್ ದವಾಖಾನೆಯೊಂದರಲ್ಲಿ ಗಾಯ ಕಟ್ಟುವ ಕೆಲಸದಲ್ಲಿದ್ದವರು, ಅದನ್ನು ಬಿಟ್ಟು ಒಂದು ತಗಡಿನ ಪೆಟ್ಟಿಗೆ ಹೊತ್ತು ನಡೆದು ಬಂದಿದ್ದರು. ಊರಲ್ಲಿ ನಾನು ಸಾಲಿ ಮಾಸ್ತರ. ಅವರು ನಾರಿನ ಮಾಸ್ತರ ಆದರು. ಈ ಹೆಸರು ಕೇಳಿದಾಗಲೆಲ್ಲ ಅವರು ಹಿರಿಹಿರಿ ಹಿಗ್ಗುತ್ತಿದ್ದರು.

ಅವರ ತಂದೆಯ ಕಾಲದಲ್ಲೇ ಮನೆತನ ಕ್ರೈಸ್ತರಾಗಿತ್ತು. ಊರಿನ ಕಣ್ಣಿಗೆ ಮಾತ್ರ ಅವರು ಕೇರಿಯವರೇ. ಕೇರಿಯ ಕೊನೆಯಲ್ಲಿ ಒಂದು ಗುಡಿಸಲು ಹಾಕಿಕೊಂಡಿದ್ದರು. ನಾನು ಲಿಂಗ ಕಟ್ಟಿಕೊಂಡ ಮನೆತನದವನು. ನನ್ನ ಕಾಲನ್ನು ಅವರ ತೊಡೆಯ ಮೇಲಿಡುವಂತೆ ಮಾಡಿದ್ದು ನೋವೇ ಹೊರತು ನನ್ನ ದೊಡ್ಡ ಮನಸ್ಸಲ್ಲ. ಮೊದಲ ಎರಡು ದಿನ ಅವರು ಹೋದ ಮೇಲೆ ನಾನು ಸ್ನಾನ ಮಾಡಿದೆ. ಮೂರನೆಯ ದಿನ ಅವರು ನನ್ನ ಕಾಲಿನ ಒದ್ದೆ ಬಟ್ಟೆ ನೋಡಿ, “ಮಾಸ್ತರ, ದಿನಾ ಎರಡೆರಡು ಸಲ ಜಳಕ ಮಾಡಿದ್ರ ಕಟ್ಟಿದ ಬಟ್ಟಿ ತೋಯ್ತೈತಿ. ಹುಳ ಹರೀತೈತಿ. ನಾ ಮುಟ್ಟಿದ್ದು ತೊಳಕೊಳ್ಳೋದಿದ್ರ ತಲಿ ಮ್ಯಾಲಷ್ಟ ಹಾಕ್ಕೊಳ್ರಿ, ಕಾಲಿಗೆ ಬ್ಯಾಡ” ಎಂದರು. ಕೊಂಕಿರಲಿಲ್ಲ, ಸಿಟ್ಟಿರಲಿಲ್ಲ. ಬಟ್ಟೆ ಒಣಗಿರಬೇಕು ಎಂಬುದಷ್ಟೇ ಅವರ ಚಿಂತೆ. ಅವತ್ತಿನಿಂದ ನಾನು ಆ ಸ್ನಾನ ನಿಲ್ಲಿಸಿದೆ.

ಹದಿನೆಂಟು ದಿನ ಅವರು ನನ್ನ ಕಾಲು ಹಿಡಿದರು. ಅವರ ಸ್ವಭಾವಕ್ಕೂ ಆ ಕೆಲಸಕ್ಕೂ ಎಲ್ಲಿಯ ಸಂಬಂಧವೋ ನನಗೆ ತಿಳಿಯದು. ಮಾತು ಗುಂಡು ಹಾರಿಸಿದ ಹಾಗೆ, ನಡಿಗೆ ಓಟದ ಹಾಗೆ, ತಮ್ಮ ನಗೆಚಾಟಿಕೆಗೆ ತಾವೇ ಮೊದಲು ನಗುವವರು. ಪ್ರಾರ್ಥನೆಯ ಹಾಡನ್ನೂ ಅವಸರದಲ್ಲಿ, ಅಪಸ್ವರದಲ್ಲಿ ಹಾಡಿ ಮುಗಿಸುವವರು. ಅಂಥವರು ಕಡ್ಡಿ ಹಿಡಿದು ಕೂತರೆ ಉಸಿರನ್ನೂ ನಿಧಾನ ಮಾಡುತ್ತಿದ್ದರು. ದಿನಕ್ಕೆ ಎರಡು ಸುತ್ತು, ಹೆಚ್ಚೆಂದರೆ ಮೂರು. “ಇಷ್ಟು ತಾಳ್ಮೆ ಎಲ್ಲಿಂದ ಬಂತು?” ಎಂದು ಕೇಳಿದ್ದಕ್ಕೆ, “ನಂದಲ್ರೀ ಅದು, ಕಡ ತಂದದ್ದು. ಮುಂಜಾಲೆ ಎದ್ದು ಸ್ವಾಮಿ ಹತ್ರ ಅವತ್ತಿಗೆ ಬೇಕಾದಷ್ಟು ಕೇಳ್ಕೊಂಡು ಬರ್ತೀನಿ. ಸಂಜಿಗೆ ಖಾಲಿ ಆಗಿರ್ತೈತಿ. ಆವಾಗ ಯಾರೂ ನನ್ನ ಸನೇಕ ಬರಬಾರ್ದು” ಎಂದು ನಕ್ಕರು.

ಸಂಬಳದ ಕೆಲಸ ಬಿಟ್ಟು ಈ ಊರಿಗೆ ಬಂದದ್ದು ಯಾಕೆ ಎಂದೂ ಒಂದು ದಿನ ಕೇಳಿದೆ. ಕಡ್ಡಿ ಸುತ್ತುತ್ತಲೇ ಹೇಳಿದರು.

“ದವಾಖಾನಿ ಗುಡಿಯಾಗ ಒಂದು ಐತವಾರ ಪಾದ್ರಿಗಳು ಭಾಷಣ ಮಾಡಿದ್ರು. ಯೇಸುಸ್ವಾಮಿ ಮೀನು ಹಿಡಿಯೋರ್ನ ಕರೆದ, ಬಲಿ ಬಿಟ್ಟು ಅವನ ಬೆನ್ನು ಹತ್ತಿ ಹೋದ್ರು, ಇವತ್ತು ನಿಮ್ಮನ್ನೂ ಕರೆಯಾಕತ್ತಾನ ಅಂದ್ರು. ಎಲ್ಲಾರೂ ಎದ್ದು ನಿಂತು ಹಾಡಿದ್ರು, ಮನಿಗೆ ಹೋಗಿ ಉಂಡ್ರು. ನನಗ ಉಣ್ಣಾಕ ಆಗ್ಲಿಲ್ರೀ. ಪಾದ್ರಿಗಳ ಮನಿಗೆ ಹೋಗಿ ಕೇಳಿದೆ, ಬಾ ಅಂತ ಕರೆದಾನ ಅಂದ್ರಲ್ಲ, ಎಲ್ಲಿಗೆ? ಅವರು ನನ್ನ ಮುಖಾನ ನೋಡಿದ್ರು. ಎಲ್ಲಿಗಂದ್ರ... ಒಳ್ಳೇ ದಾರಿಗೆ ಅಂದ್ರು. ನಾ ಅಂದೆ, ದಾರಿ ಅಲ್ರೀ, ಊರು ಹೇಳ್ರಿ.”

“ಹೇಳಿದರೇನು?”

“ಎಲ್ಲಿ ಹೇಳ್ತಾರ! ಒಂದು ತಿಂಗಳು ತಿರುಗಿದೆ ಹುಚ್ಚನ ಗತೆ. ಆಮ್ಯಾಲ ಒಂದು ದಿನ ನಿಮ್ಮೂರಿಂದ ಒಬ್ಬಾಕಿ ಬಂಡಿಯಾಗ ಬಂದ್ಲು. ನಾರು ಹರಿದು ಕಾಲು ಕೊಳೆತಿತ್ತು. ಡಾಕ್ಟರು ಕಾಲು ತಗದ್ರು. ನಾ ಹಿಡ್ಕೊಂಡಿದ್ದೆ. ಎಚ್ಚರ ಆದ ಮ್ಯಾಲ ಆಕಿ ಅತ್ತಿಲ್ರೀ. ನಮ್ಮೂರಾಗ ಹಿಂಗ ಭಾಳ ಮಂದಿ ಅದಾರ, ಅವ್ರಿಗೆ ಬಂಡಿ ಇಲ್ಲ ಅಂದ್ಲು. ಅಷ್ಟ. ನನಗ ಊರು ಸಿಕ್ತು!” ಎಂದು ಹೇಳುತ್ತಾ ಅವರು ಎಷ್ಟು ಹಿಗ್ಗಿದರೆಂದರೆ, ಕಡ್ಡಿ ಕೈಯಲ್ಲೇ ಇದೆಯೆಂಬುದು ಮರೆತು ಹೋಗಿತ್ತು. ನಾನು ಕಿರುಚಿಕೊಂಡೆ.

ಊರಲ್ಲಿ ಯಾರಿಗೂ ತಿಳಿಯದಿದ್ದ ಸಂಗತಿ ಅವರಿಗೆ ಗೊತ್ತಿತ್ತು. ನಾರು ಹೊರಬರುವಾಗ ಕಾಲು ಬೆಂಕಿಯಂತೆ ಉರಿಯುತ್ತದೆ. ನೀರಿನಲ್ಲಿಟ್ಟರೆ ತಂಪು. ಎಲ್ಲರೂ ಬಾವಿಗಿಳಿದು ಕಾಲು ಅದ್ದುತ್ತಿದ್ದರು. ಆಗ ಹುಳ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳನ್ನು ಬಿಡುತ್ತದೆ. ಆ ನೀರು ಕುಡಿದವರಿಗೆ ಸರಿಯಾಗಿ ಒಂದು ವರ್ಷದ ಮೇಲೆ ಹುಳ. ಇವತ್ತು ನೀರಿಗೆ ಕಾಲಿಟ್ಟವರ ನೋವು ಮುಂದಿನ ಬೇಸಿಗೆಗೆ ಊರಿನ ನೋವಾಗುತ್ತಿತ್ತು.

ಹಾಗಾಗಿ ಅವರು ಬಾವಿಯ ಹತ್ತಿರದ ಬೇವಿನ ಮರದಡಿಗೆ ಹೋಗಿ ಕೂತರು. ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಕೇರಿಯವರು ಯಾರೂ ಹತ್ತುವಂತಿರಲಿಲ್ಲ. ಕೇರಿಯ ಜನ ಕೊಡ ಹಿಡಿದು ದೂರ ನಿಂತರೆ, ಮನಸ್ಸು ಬಂದವರು ಮೇಲಿಂದ ನೀರು ಹಾಕಿ ಹೋಗುತ್ತಿದ್ದರು. ಬೇವಿನ ಮರದಡಿ ಇವರು ಹಳೆಯ ಕಲ್ಲಿನ ಬಾನಿಯೊಂದನ್ನು ಉರುಳಿಸಿ ತಂದಿಟ್ಟು, “ಕಾಲು ಉರಿದ್ರ ಇಲ್ಲಿ ಇಡ್ರಿ! ಕೊಡದ ನೀರು ಇದ್ರಾಗ ಹಾಕ್ರಿ! ಬಾವಿ ನೀರಿಗೆ ಕಾಲಿಡಬ್ಯಾಡ್ರಿ!” ಎಂದು ಬೆಳಗಿನಿಂದ ದೀಪ ಹಚ್ಚುವ ತನಕ ಕೂಗುತ್ತಿದ್ದರು. ಕಾಲು ಅದ್ದಿದ ನೀರನ್ನು ದೂರದ ಒಣಭೂಮಿಗೆ ತಾವೇ ಹೊತ್ತು ಚೆಲ್ಲುತ್ತಿದ್ದರು. ಜನ ಮೊದಲು ನಕ್ಕರು. ಆಮೇಲೆ ಬೈದರು. ಅವರ ದನಿ ಮಾತ್ರ ತಗ್ಗಲಿಲ್ಲ. ಶಾಲೆಯೊಳಗೆ ನಾನು ಮಗ್ಗಿ ಹೇಳಿಸುವಾಗಲೂ ಆ ಕೂಗು ಕೇಳುತ್ತಿತ್ತು.

ಸಿಟ್ಟು ಅವರ ದೊಡ್ಡ ದೋಷ. ಒಂದು ಮಧ್ಯಾಹ್ನ ನೀಲಮ್ಮ ಎಂಬಾಕೆ ಕಾಲಿಗೆ ಕಟ್ಟಿದ ಬಟ್ಟೆ ಬಿಚ್ಚಿ, ಅವರ ಕಣ್ಣೆದುರೇ ಸೀದಾ ನೀರಿಗಿಳಿದಳು. ಕೂಗಿದರು, ಬೇಡಿದರು, ಕೊನೆಗೆ ಹೆದರಿಸಲೆಂದು ನೀರಿಗೊಂದು ಕಲ್ಲು ಎಸೆದರು. ಗುರಿ ತಪ್ಪಿ ಅದು ಅವಳ ಕೊಡಕ್ಕೆ ಬಡಿದು ಕೊಡ ಒಡೆಯಿತು. ನೀಲಮ್ಮ ಅವರ ಏಳು ಪೀಳಿಗೆಯನ್ನು ಹೆಸರು ಹಿಡಿದು ಬೈದಳು. ಮರುದಿನ ಮರದಡಿ ಅವರಿರಲಿಲ್ಲ. ಹೆದರಿ ಓಡಿ ಹೋದನೆಂದು ಊರು ಮಾತಾಡಿತು. ಮಧ್ಯಾಹ್ನದ ಹೊತ್ತಿಗೆ ತಲೆಯ ಮೇಲೆ ಹೊಸ ಕೊಡ ಹೊತ್ತು, ಬೆವರು ಸುರಿಸುತ್ತ, ಹಾಡುತ್ತ ಬಂದರು. ಮಸ್ಕಿಗೆ ಹೋಗಿ ಬಂದಿದ್ದರು. ನೀಲಮ್ಮನ ಹೊಸ್ತಿಲಲ್ಲಿ ಕೊಡ ಇಟ್ಟು, ಹಿಂದೆ ಸರಿದು ನಿಂತು, “ತಂಗಿ, ನಿನ್ನೆ ಸೈತಾನ ನನ್ನ ಕೈ ಹಿಡಿದಿದ್ದ. ತಪ್ಪಾತು” ಎಂದರು. ಆಕೆ ಕೊಡದ ಮೇಲೆ ನೀರು ಚಿಮುಕಿಸಿ ಒಳಗೆ ತೆಗೆದುಕೊಂಡಳು. ಅವತ್ತು ಸಂಜೆ ತಾನಾಗಿಯೇ ಬಂದು ಬಾನಿಯಲ್ಲಿ ಕಾಲಿಟ್ಟು ಕೂತಳು.

ಜಾತಿ ಕೆಡಿಸಲು ಬಂದಿದ್ದಾನೆ ಎಂಬ ಗುಮಾನಿ ಮಾತ್ರ ಹೋಗಲಿಲ್ಲ. ಅಂಗಡಿಯ ಸಂಗಪ್ಪ ಶೆಟ್ಟರು ಅದನ್ನು ಬಾಯಿಬಿಟ್ಟೇ ಹೇಳುತ್ತಿದ್ದರು. ಒಮ್ಮೆ ದವಾಖಾನೆಯ ಪಾದ್ರಿಗಳು ಬಂದಾಗ ನಾನು ಅಲ್ಲೇ ಇದ್ದೆ. ಸಭ್ಯ ಮನುಷ್ಯರು. ಬೇವಿನ ನೆರಳಲ್ಲಿ ಕೂತು, “ಎಷ್ಟು ಮಂದಿ ಬಂದಾರಪ್ಪ?” ಎಂದು ಕೇಳಿದರು. ಎಷ್ಟು ಜನ ಮತಕ್ಕೆ ಸೇರಿದರು ಎಂಬುದು ಅವರ ಪ್ರಶ್ನೆ. ಇವರು ಬಾನಿಯ ಸುತ್ತ ಕೂತವರನ್ನು ತೋರಿಸಿ, “ಮುಂಜಾಲೆಯಿಂದ ಒಂಬತ್ತು ಮಂದಿ ಬಂದಾರ್ರೀ” ಎಂದರು. ಪಾದ್ರಿಗಳು ಕೋಟು ಬಿಚ್ಚಿಟ್ಟು, ಒಬ್ಬ ಮುದುಕನ ಕಾಲಿಗೆ ಬಟ್ಟೆ ಕಟ್ಟತೊಡಗಿದರು. ಅವರು ಹೋದ ಮೇಲೆ ನಾನು ಕೆಣಕಿದೆ, “ನಿಮಗೆ ನಮ್ಮನ್ನು ಸೇರಿಸಿಕೊಳ್ಳುವ ಆಸೆ ಇಲ್ಲವೇ?”

“ಸುಳ್ಳ್ಯಾಕ ಹೇಳ್ಲಿ, ಐತ್ರೀ. ನಾ ಕಂಡ ಸ್ವಾಮೀನ ನೀವೂ ಕಂಡ್ರ ನನಗ ಭಾಳ ಖುಷಿ. ಆದ್ರ ಆತ ಶಿಷ್ಯರ ಕಾಲು ತೊಳೆದಾಗ ಯಾರ ಹತ್ರಾನೂ ಒಪ್ಪಿಗಿ ಬರಸ್ಕೊಳ್ಳಲಿಲ್ಲ. ತೊಳೆದ, ಒರೆಸಿದ. ನಾ ತೊಳೆಯೋ ಕಾಲಿನಾಗ ಹುಳ ಐತಿ, ಅಷ್ಟ ಫರಕು.”

ಆ ವರ್ಷ ಸುಗ್ಗಿಯ ಮುಂಚೆ ಅವರು ಚಾವಡಿಗೆ ಹೋಗಿ, ಅಂಗಳದಲ್ಲಿ ನಿಂತು ಊರ ಗೌಡರಿಗೆ ಒಂದು ಮಾತು ಹಾಕಿದರು. ಮೆಟ್ಟಿಲು ಮುಚ್ಚಿ ಗೋಡೆ ಕಟ್ಟಬೇಕು, ಮೇಲೆ ಗಾಲಿ ಹಾಕಿ ಹಗ್ಗದಿಂದ ಸೇದಬೇಕು. ಯಾರೂ ನೀರಿಗೆ ಇಳಿಯಬಾರದು.

ಚಾವಡಿ ಕೆರಳಿತು. “ಬಾವಿಯೊಳಗ ಗಂಗವ್ವ ಕುಂತಾಳ! ಮೆಟ್ಟಲಾ ಮುಚ್ಚಿದ್ರ ಪೂಜಿ ಹೆಂಗ ಮಾಡೋದು? ಇದ ನೋಡ್ರಿ ಇವನ ಹಿಕಮತ್ತು, ನಮ್ಮ ದೇವರನ್ನ ಹೂಳಾಕ ಬಂದಾನ” ಎಂದರು ಸಂಗಪ್ಪ ಶೆಟ್ಟರು.

“ಶೆಟ್ರ, ನಾ ಶರತ್ತು ಕಟ್ತೀನಿ” ಎಂದು ಇವರು ಏರುದನಿಯಲ್ಲಿ ಹೇಳಿದರು. “ಈಗ ಗೋಡೆ ಕಟ್ರಿ. ಬರೋ ಬ್ಯಾಸಗಿಗೆ ಹುಳ ಬರ್ತಾವ, ಅವು ಈ ವರ್ಷ ಕುಡಿದ ನೀರಿನವು. ಅದರಾಚಿ ಬ್ಯಾಸಗಿಗೆ ಈ ಊರಾಗ ಒಂದ ಒಂದು ಹುಳ ಬಂದ್ರೂ ನಾನ ಗೋಡೆ ಕೆಡವಿ ಊರು ಬಿಟ್ಟು ಹೋಗ್ತೀನಿ!”

ಗೌಡರು ಮೀಸೆ ತೀಡುತ್ತ ಕೂತರು. ತೀರ್ಮಾನವಾದದ್ದು ಒಳಮನೆಯಿಂದ. ಗೌಡರ ತಾಯಿಗೆ ಆ ಬೇಸಿಗೆ ಎರಡೂ ಕಾಲಿಗೆ ನಾರು ಬಂದು, ನಲವತ್ತು ದಿನ ಇವರೇ ಸುತ್ತಿ ತೆಗೆದಿದ್ದರು. ಮುದುಕಿ ಕೋಲೂರಿಕೊಂಡು ಬಂದು ಬಾಗಿಲಲ್ಲಿ ನಿಂತಳು. “ಗಂಗವ್ವನ್ನ ಮ್ಯಾಲಕ ಕಟ್ಟಿಮ್ಯಾಲೆ ಕುಂದರಸ್ರಿ. ಮೆಟ್ಟಲಾ ಇಳಿದು ಹತ್ತಿ ನನಗ ಸಾಕಾಗೇತಿ, ಆಕಿಗೂ ಸಾಕಾಗಿರ್ತೈತಿ” ಎಂದಳು. ಚಾವಡಿಯಲ್ಲಿ ಮೊದಲು ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಸಂಗಪ್ಪ ಶೆಟ್ಟರ ಮಾತು ನಗೆಯಲ್ಲಿ ಮುಳುಗಿತು.

ಆ ಹದಿನೈದು ದಿನಗಳನ್ನು ನಾನು ಮರೆಯಲಾರೆ. ಗುಡ್ಡದಿಂದ ಬಂಡೆ ಸೀಳಿ ಬಂಡಿಯಲ್ಲಿ ತಂದರು. ಹೆಂಗಸರು ಗಾರೆಗೆ ಮರಳು ಹೊತ್ತರು. ಅವರು ಕಟ್ಟೆಯ ಹೊರಗೆ ನಿಂತೇ, “ಎಡಕ್ಕ! ಎಡಕ್ಕ ಸರಸ್ರಿ! ಆ ಸಂದಿ ಬಿಡಬ್ಯಾಡ್ರಿ!” ಎಂದು ಗಂಟಲು ಹರಿದುಕೊಂಡರು. ಕೈಯಾರೆ ಒಂದು ಕಲ್ಲಿಡುವ ಹಾಗಿಲ್ಲದ ಗೋಡೆಗೆ ಅವರೇ ಮೇಸ್ತ್ರಿ. ಮಸ್ಕಿಯಿಂದ ಮೂರು ಕಬ್ಬಿಣದ ಗಾಲಿ ಬಂದವು. ಮೊದಲ ಗಾಲಿ ಕಿರ್ರೆಂದು ತಿರುಗಿ ಕೊಡ ಮೇಲೆ ಬಂದಾಗ, ಮರದಡಿ ಅವರು ಕುಣಿದರು. ಅದಕ್ಕೆ ಬೇರೆ ಮಾತಿಲ್ಲ. ಎರಡು ಕೈ ಮೇಲೆತ್ತಿ, ಧೋತರ ಸಡಿಲಾಗಿದ್ದೂ ಗೊತ್ತಾಗದೆ ಕುಣಿದರು.

ಮೊದಲ ಬೇಸಿಗೆ ಬಂತು. ಅವರು ಹೇಳಿದ್ದಂತೆಯೇ ಹುಳ ಬಂದವು. “ಎಲ್ಲೈತಪ್ಪ ನಿನ್ನ ಗ್ವಾಡಿ ಮಹಿಮಾ?” ಎಂದು ಶೆಟ್ಟರು ಹಂಗಿಸಿದರು. “ಇವು ಹಳೇವ್ರೀ, ಹೋದ ವರ್ಷದ್ವು!” ಎಂದು ಇವರು ಮನೆಮನೆಗೆ ಹೋಗಿ ಹೇಳಿದರು. ಕಾಲು ಉರಿದವರು ಗೋಡೆ ಹಾರಿ ನೀರಿಗಿಳಿಯಲು ಹವಣಿಸುತ್ತಿದ್ದರು. ಆದ್ದರಿಂದ ಆ ಬೇಸಿಗೆಯಿಡೀ ಹೊತ್ತು ಏರಿದಾಗಿನಿಂದ ಕತ್ತಲಾಗುವ ತನಕ ಅವರು ಬೇವಿನ ಮರ ಬಿಟ್ಟು ಕದಲಲಿಲ್ಲ. ಶಾಲೆ ಬಿಟ್ಟ ಮೇಲೆ ನಾನೂ ದಿನಾ ಹೋಗಿ ಅವರ ಜೊತೆ ಕೂಡುತ್ತಿದ್ದೆ.

ಎರಡನೆಯ ಬೇಸಿಗೆ. ಊರೇ ಉಸಿರು ಬಿಗಿಹಿಡಿದ ಹಾಗಿತ್ತು. ದಿನಾ ಬೆಳಿಗ್ಗೆ ಅವರು ಓಣಿ ಓಣಿ ತಿರುಗಿ, “ಕಾಲು ತೋರಿಸ್ರಿ! ಕಾಲು!” ಎಂದು ಕೂಗುತ್ತಿದ್ದರು. ಜನ ಹೊಸ್ತಿಲಲ್ಲಿ ನಿಂತು ಸಾಲಾಗಿ ಕಾಲು ಚಾಚುತ್ತಿದ್ದರು. ಹೋಳಿ ಹೋಯಿತು, ಯುಗಾದಿ ಹೋಯಿತು, ಒಂದೂ ಬೊಕ್ಕೆ ಇಲ್ಲ. ಬಸವಜಯಂತಿಯ ದಿನ ಗೌಡರು ಎರಡೂ ಕಾಲು ನನ್ನ ಮುಂದೆ ಚಾಚಿ, “ಮಾಸ್ತರ, ನನಗ ಬುದ್ಧಿ ಬಂದಾಗಿಂದ ಕಾಲಿಗೆ ಬಟ್ಟಿ ಕಟ್ಟದ ಬ್ಯಾಸಗಿ ಇದ ಮೊದಲ್ನೇದು” ಎಂದರು. ಜನ ಹೊಲ ಹದ ಮಾಡಲು ಹೋಗತೊಡಗಿದರು. ನೀಲಮ್ಮ ಬೆಳಿಗ್ಗೆ ಹಾಡಿಕೊಂಡು ನೀರು ಸೇದುತ್ತಿದ್ದಳು. ಇನ್ನು ಎಂಟು ಹತ್ತು ದಿನಕ್ಕೆ ಮಳೆ. ಶರತ್ತು ಗೆದ್ದ ಹಾಗೆಯೇ ಎಂದುಕೊಂಡಿದ್ದೆವು.

ಒಂದು ಮಧ್ಯಾಹ್ನ ಅವರು ಶಾಲೆಯ ಬಾಗಿಲಿಗೆ ಬಂದರು. ಎಡಗಾಲು ಎತ್ತಿ ತೋರಿಸಿದರು. ಕಾಲಗಂಟಿನ ಪಕ್ಕದಲ್ಲಿ ಬೊಕ್ಕೆ. ಅದರ ತಲೆಯಲ್ಲಿ ಬಿಳಿ ಎಳೆ.

ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. “ಮುಚ್ಚಿಕೊಳ್ಳಿ” ಎಂದೆ. “ಬಟ್ಟೆ ಕಟ್ಟಿ, ಮುಳ್ಳು ತಾಗಿತೆಂದು ಹೇಳಿ. ಇನ್ನು ನಾಲ್ಕು ದಿನಕ್ಕೆ ಮಳೆ ಬೀಳುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ.”

ಅವರ ಮುಖ ಕೆಂಪಾಯಿತು. “ಸುಳ್ಳು ಹೇಳಿ ಗೆದ್ರ ಯಾರ ಶಿಷ್ಯ ಅಂತ ಹೇಳ್ಕೊಳ್ಲಿ ನಾನು? ನಡೀರಿ ಚಾವಡಿಗೆ.”

ಊರು ಕೂಡಿತು. ಅವರು ಅಂಗಳದಲ್ಲಿ ನಿಂತು ಕಾಲು ಮುಂದಿಟ್ಟು, “ಗೌಡ್ರ, ಒಂದು ಹುಳ ಬಂದೈತಿ. ನಾ ಸೋತೆ” ಎಂದರು.

“ಶರತ್ತು ಅಂದ್ರ ಶರತ್ತು” ಎಂದು ಸಂಗಪ್ಪ ಶೆಟ್ಟರು ಎದ್ದು ನಿಂತರು. “ಗ್ವಾಡಿ ಕೆಡವಲಿ, ಊರು ಬಿಡಲಿ.”

ಗೌಡರು ಕೈಯೆತ್ತಿ ಅವರನ್ನು ತಡೆದರು. “ಊರಾಗ ಯಾರಿಗೂ ಬಂದಿಲ್ಲ. ನಿನಗ ಹೆಂಗ ಬಂತು? ಹೋದ ಬ್ಯಾಸಗಿಗೆ ನೀ ಯಾವ ನೀರು ಕುಡಿದಿ?”

ಅವರು ತಡವರಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. “ಗುಡ್ಡದ ದೊಣಿದ್ರೀ” ಎಂದರು. ದೊಣೆಯೆಂದರೆ ಬಂಡೆಯ ಕುಳಿಯಲ್ಲಿ ನಿಂತ ಮಳೆನೀರು. ದನ ಕಾಯುವವರು ಅದರಲ್ಲೇ ಕಾಲು ತೊಳೆಯುತ್ತಾರೆ. “ಬಟ್ಟಿಯಾಗ ಸೋಸಿ ಕುಡೀತಿದ್ದೆ. ಒಂದೊಂದು ದಿನ ಭಾಳ ನೀರಡಿಕಿ ಆಗಿ ಹಂಗ ಬೊಗಸಿಲೆ ಕುಡಿದಿರಬೇಕು.”

“ಇಡೀ ದಿನ ಬಾವಿ ಮುಂದ ಕುಂತು ದೊಣಿ ನೀರು ಯಾಕ ಕುಡಿದೀಯೋ?”

ಅವರು ನೆಲ ನೋಡಿದರು. “ಮೊದಲು ಕೇಳ್ತಿದ್ದೆ ಗೌಡ್ರ. ಒಬ್ರು ಹಾಕ್ತಿದ್ರು, ನಾಲ್ಕು ಮಂದಿ ಹಂಗ ಹೋಗ್ತಿದ್ರು. ಅವ್ರಿಗೂ ಮನಿ ಕೆಲಸ ಇರ್ತಿತ್ತು. ಕೇಳಿ ಕೇಳಿ ನನಗ ಸಾಕಾತು.”

ಬಾನಿಗೆ ಕೊಡಗಟ್ಟಲೆ ನೀರು ಬೀಳುತ್ತಿತ್ತು. ಊರಿನವರ ಕಾಲಿಗೆ ನೀರು ಸಿಗುತ್ತಿತ್ತು, ಅವರ ಬಾಯಿಗೆ ಸಿಕ್ಕಿರಲಿಲ್ಲ. ಆ ಬೇಸಿಗೆ ನಾನು ದಿನಾ ಅವರ ಪಕ್ಕದಲ್ಲಿ ಕೂತು ಲೋಕದ ಸುದ್ದಿಯೆಲ್ಲ ಮಾತಾಡಿದ್ದೆ. ನೀರು ಕುಡಿದಿರಾ ಎಂದು ಒಂದು ದಿನವೂ ಕೇಳಿರಲಿಲ್ಲ. ಅವತ್ತು ಚಾವಡಿಯಲ್ಲಿ ತಲೆ ತಗ್ಗಿಸಿದವರಲ್ಲಿ ನನಗಿಂತ ಕೆಳಗೆ ತಗ್ಗಿಸಿದವರು ಯಾರೂ ಇರಲಿಲ್ಲ.

ಗೌಡರ ತಾಯಿ ಕೋಲು ಕುಟ್ಟುತ್ತ ಬಾವಿಯ ಕಡೆ ಹೊರಟಳು. ಊರೆಲ್ಲ ಹಿಂದೆ. ಮುದುಕಿ ಕಟ್ಟೆ ಹತ್ತಿ, ಒಬ್ಬಾಕೆಯಿಂದ ಕೊಡ ಇಸಿದುಕೊಂಡು, “ಬಾರೋ, ಬೊಗಸಿ ಹಿಡಿ. ನಾ ಹಾಕ್ತೀನಿ” ಎಂದಳು.

ಅವರು ಬೊಗಸೆ ಹಿಡಿಯಲಿಲ್ಲ. “ನನಗೊಬ್ಬಗ ಹಾಕಬ್ಯಾಡವ್ವ. ನಾಳೆ ನಾ ಹೋದ್ರ ಕೇರಿಯವ್ರು ಮತ್ತ ಕೊಡ ಹಿಡ್ಕೊಂಡು ನಿಲ್ತಾರ. ಸಾಕಾದಾಗ ದೊಣಿಗೆ ಹೋಗ್ತಾರ. ಅವರ ಹುಳ ತಿರುಗಿ ಈ ಊರಿಗೇ ಬರ್ತೈತಿ. ಹಗ್ಗ ಕೊಡವ್ವ. ಸೇದಾಕ ನಮಗೂ ಕೈ ಅದಾವ.”

ಆ ಕ್ಷಣದಲ್ಲಿ ಏನು ಬೇಕಾದರೂ ಆಗಬಹುದಿತ್ತು. ಹಿಂದೆ ಯಾರೋ ಬಡಿಗೆ ಎತ್ತಿದ್ದನ್ನು ನಾನು ಕಂಡೆ. ಕೇರಿಯ ಹೆಂಗಸರು ದೂರದಲ್ಲಿ ಕೊಡ ಹಿಡಿದು ಕಲ್ಲಾಗಿ ನಿಂತಿದ್ದರು. ಮುದುಕಿ ಮಗನ ಮುಖ ನೋಡಿದಳು. ಗೌಡರು ಬಡಿಗೆ ಎತ್ತಿದವನ ಕಡೆ ತಿರುಗಿ, “ಇಳಿಸಲೇ” ಎಂದರು. ಮುದುಕಿ ಹಗ್ಗದ ತುದಿಯನ್ನು ಅವರ ಕೈಗಿಟ್ಟಳು.

ಅವರು ಕುಂಟುತ್ತ ಕಟ್ಟೆ ಹತ್ತಿದರು. ತಾವೇ ಕೂಗಿ ಕೂಗಿ ಕಟ್ಟಿಸಿದ ಗೋಡೆಯನ್ನು ಅವತ್ತು ಮೊದಲ ಸಲ ಮುಟ್ಟಿದರು. ಸರಸರ ಸೇದಿ, ಕೊಡವನ್ನೇ ಎತ್ತಿ ಗಟಗಟ ಕುಡಿದರು. ನೀರು ಗಡ್ಡದಿಂದ ಅಂಗಿಗೆ, ಅಂಗಿಯಿಂದ ನೆಲಕ್ಕೆ ಸುರಿಯಿತು. ಕುಡಿಯುತ್ತಲೇ ನಕ್ಕರು, ನಗುತ್ತ ಕೆಮ್ಮಿದರು. ಆಮೇಲೆ ಕೇರಿಯವರ ಕಡೆ ತಿರುಗಿ, “ಬರ್ರೇ! ಏನ ನೋಡ್ತೀರಿ? ಬರ್ರಿ!” ಎಂದು ಕೂಗಿದರು. ಒಬ್ಬಳು ಬಂದಳು. ಆಮೇಲೆ ಇನ್ನೊಬ್ಬಳು.

ಸಂಗಪ್ಪ ಶೆಟ್ಟರೂ ಇನ್ನೂ ಏಳೆಂಟು ಮನೆಯವರೂ ಬಾವಿ ಬಿಟ್ಟರು. ಮೂರು ತಿಂಗಳು ಹೊಲದ ಬಾವಿಯಿಂದ ಬಂಡಿಯಲ್ಲಿ ನೀರು ತಂದರು. ಎತ್ತು ಸೋತವು, ಮನೆಯ ಹೆಂಗಸರು ರೇಗಿದರು, ಒಬ್ಬೊಬ್ಬರೇ ಮರಳಿ ಬಂದರು. ಶೆಟ್ಟರು ಕೊನೆಯಲ್ಲಿ ಬಂದರು, ಯಾರ ಮುಖವನ್ನೂ ನೋಡದೆ ಸೇದಿಕೊಂಡು ಹೋದರು.

ನಾರಿನ ಮಾಸ್ತರರ ಹುಳವನ್ನು ನಾನು ಸುತ್ತಿ ತೆಗೆದೆ. ಇಪ್ಪತ್ತೆರಡು ದಿನ. ರೋಗಿಯಾಗಿ ಅವರಷ್ಟು ಕೆಟ್ಟವರು ಇನ್ನೊಬ್ಬರಿಲ್ಲ. ಕಡ್ಡಿ ಮುಟ್ಟಿದರೆ ಸಾಕು, “ಎಳೀಬ್ಯಾಡ್ರಿ ಮಾಸ್ತರ! ನಿಮ್ಮ ಕೈ ನಡುಗಾಕತ್ತೈತಿ!” ಎಂದು ಇಡೀ ಕೇರಿಗೆ ಕೇಳುವಂತೆ ಒದರುತ್ತಿದ್ದರು. ಅವರ ಗುಡಿಸಲಿನಲ್ಲಿ ಕೂತು, ಅವರ ಕಾಲು ನನ್ನ ತೊಡೆಯ ಮೇಲೆ. ಅವರು ಸೇದಿ ತಂದ ನೀರನ್ನು ನಾನೂ ಕುಡಿದೆ. ನನ್ನ ಊರಿನಲ್ಲಿ ನಮ್ಮಪ್ಪನಿಗೆ ಸುದ್ದಿ ಮುಟ್ಟಿ ಅವರು ಎರಡು ವರ್ಷ ನನ್ನೊಡನೆ ಮಾತು ಬಿಟ್ಟರು. ಆ ಕಥೆ ಬೇರೆ.

ಕಾಲು ವಾಸಿಯಾದ ಮೇಲೆ ಅವರು ಹೊರಟು ನಿಂತರು. “ಶರತ್ತು ಮುರಿದು ಹೋತು, ಸುಮ್ನ ಇರೋ” ಎಂದು ಗೌಡರೇ ಗುಡಿಸಲ ತನಕ ಬಂದು ಹೇಳಿದರು. “ಶರತ್ತಿಗೆ ಅಲ್ರೀ ಗೌಡ್ರ. ಸಿಂಧನೂರು ಕಡಿ ಕಾಲುವಿ ಅಗಿಯಾಕ ಸಾವಿರಾರು ಮಂದಿ ಬಂದಾರಂತ. ಗುಂಡಿ ನೀರು ಕುಡಿದು ಮಲಗ್ಯಾರಂತ. ಕೇಳಿದಾಗಿಂದ ನನಗ ಉಣ್ಣಾಕ ಆಗವಲ್ದು” ಎಂದರು. ಅದೇ ತಗಡಿನ ಪೆಟ್ಟಿಗೆ. ಮಸ್ಕಿಯ ಬಸ್ ನಿಲ್ದಾಣದ ತನಕ ಇಪ್ಪತ್ತು ಮೂವತ್ತು ಮಂದಿ ನಡೆದು ಬಂದೆವು. ನೀಲಮ್ಮನೂ ಇದ್ದಳು. ಅವರಿಗೆ ಕಣ್ಣೀರು ಬರಲಿಲ್ಲ. ಬಸ್ಸಿನ ಮುಂದಿನ ಸೀಟು ಸಿಕ್ಕಿತೆಂದು ಹುಡುಗರಂತೆ ಸಂಭ್ರಮಿಸುತ್ತ ಹೋದರು.

ನಾಲ್ಕು ವರ್ಷದ ಮೇಲೆ, ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವ ಸುದ್ದಿ ಎಲ್ಲರ ಬಾಯಲ್ಲಿದ್ದಾಗ, ಕೆಲಸದ ಮೇಲೆ ಸಿಂಧನೂರಿಗೆ ಹೋಗಿದ್ದೆ. ವಿಚಾರಿಸಿಕೊಂಡು ಕಾಲುವೆ ಕೂಲಿಗಳ ಬಿಡಾರಕ್ಕೆ ಹೋದೆ. ಗುಡಿಸಲುಗಳ ನಡುವೆ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಯಾರನ್ನೋ ಗದರಿಸುವ ದನಿ ಕೇಳಿತು. ದನಿ ಹಿಡಿದು ಹೋದರೆ ಅವರೇ. ಕೂದಲು ಬೆಳ್ಳಗಾಗಿತ್ತು, ಎಡಗಾಲು ತುಸು ಎಳೆಯುತ್ತಿತ್ತು. ನನ್ನನ್ನು ಕಂಡವರೇ ಓಡಿ ಬಂದು ತಬ್ಬಿಕೊಂಡು, “ಊರು ಹೆಂಗೈತಿ? ಹೇಳ್ರಿ, ಹೇಳ್ರಿ!” ಎಂದರು.

ಹೇಳಿದೆ. “ಹೋದ ವಾರ ಒಂದನೇ ಇಯತ್ತೆಯ ಮಕ್ಕಳಿಗೆ ನಾರುಹುಣ್ಣಿನ ಪಾಠ ಮಾಡಿದೆ. ಕರಿಹಲಗೆಯ ಮೇಲೆ ಕಾಲು ಬರೆದು, ಅದರಿಂದ ಎರಡು ಮೊಳದ ಹುಳ ಹೊರಬರುತ್ತಿತ್ತು ಎಂದೆ. ಮಕ್ಕಳು ಬಿದ್ದು ಬಿದ್ದು ನಕ್ಕವು. ಮಾಸ್ತರ ಸುಳ್ಳು ಹೇಳಾಕತ್ತಾರ ಅಂದವು. ಒಂದಕ್ಕೂ ಗೊತ್ತಿಲ್ಲ.”

ಅವರು ನನ್ನ ಭುಜ ಹಿಡಿದು ಅಲುಗಾಡಿಸಿದರು. “ಗೊತ್ತಿಲ್ಲ? ಒಬ್ರಿಗೂ?”

“ಒಬ್ಬರಿಗೂ ಇಲ್ಲ. ನೀವು ಯಾರೆಂಬುದೂ ಆ ಮಕ್ಕಳಿಗೆ ಗೊತ್ತಿಲ್ಲ” ಎಂದೆ.

“ಅದು ಹೋಗ್ಲಿ ಬಿಡ್ರಿ, ಹುಳ ಗೊತ್ತಿಲ್ಲಲ್ಲ!” ಎಂದು ಅವರು ಕೂಗಿದರು. ಕಣ್ಣಲ್ಲಿ ನೀರು ಧಾರಾಕಾರ, ಮುಖದ ತುಂಬ ನಗೆ. ನನ್ನನ್ನು ಅಲ್ಲೇ ಬಿಟ್ಟು, ಕಾಲೆಳೆಯುತ್ತ ಬಿಡಾರದ ಸಾಲಿನುದ್ದಕ್ಕೂ ಓಡಿದರು. ಬಾಗಿಲು ಬಾಗಿಲಿಗೆ ನಿಂತು, ಏನೊಂದೂ ಅರ್ಥವಾಗದೆ ನೋಡುತ್ತಿದ್ದ ಆ ಪರವೂರಿನ ಜನಕ್ಕೆಲ್ಲ ಸುದ್ದಿ ಹೇಳತೊಡಗಿದರು.